ಒಳಗಿನ ಚಿಲಕ

ಇಂದ್ರಮ್ಮನವರು ಎಂದೂ ಸದ್ದಿಲ್ಲದೆ ಬಂದವರಲ್ಲ. ಮಧುಗಿರಿಯ ಬೆಟ್ಟದ ಬುಡದಲ್ಲಿರುವ ಆ ಹೆಂಚಿನ ಮನೆಯ ಹಜಾರದಲ್ಲಿ ಕುಳಿತವರಿಗೆ ಅವರು ಹಿತ್ತಲಿನಿಂದ ಅಡುಗೆಮನೆಗೆ, ಅಲ್ಲಿಂದ ಮಕ್ಕಳ ಕೋಣೆಗಳ ಕಡೆಗೆ ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ: ಮೊದಲು ಹಿಮ್ಮಡಿಗೆ ಬಡಿಯುವ ಚಪ್ಪಲಿ, ಆಮೇಲೆ ಕೋಟಿನ ಜೇಬಿನಲ್ಲಿ ಕುಲುಕುವ ಕೀಲಿಕೈ ಗೊಂಚಲು, ಕೊನೆಗೆ ತಿರುವು ಬಂದಾಗ, ಅತ್ತ ಯಾರಿದ್ದರೂ ಇಲ್ಲದಿದ್ದರೂ, “ಬಂದೆ ಕಣ್ರಪ್ಪಾ” ಎಂಬ ಮಾತು. ಬ್ಯಾಂಕಿಗೆ ಹೋದರೂ ಇದೇ ಅಭ್ಯಾಸ. ಉಪವಿಭಾಗಾಧಿಕಾರಿಗಳ ಕಚೇರಿಯ ಬಾಗಿಲಲ್ಲೂ ಒಮ್ಮೆ ಹಾಗೆಯೇ ಕೂಗಿ, ಒಳಗಿದ್ದವರೆಲ್ಲ ಕಡತ ಬಿಟ್ಟು ತಲೆ ಎತ್ತಿದಾಗ, ತಾವೇ ನಕ್ಕು ಕುರ್ಚಿ ಎಳೆದುಕೊಂಡರಂತೆ.

ಆ ಕೋಟು ಅವರ ಗಂಡ ರೇಣುಕಯ್ಯನವರದು. ಶಿರಾದಲ್ಲಿ ಕಡ್ಲೆಕಾಯಿ ಸುಲಿಯುವ ಮಿಲ್ಲು ನಡೆಸುತ್ತಿದ್ದ ರೇಣುಕಯ್ಯನವರು ತೀರಿಕೊಂಡು ಹಲವು ವರ್ಷಗಳಾದವು. ಮಿಲ್ಲು ಮಾರಿದ ಮೇಲೂ ಇಂದ್ರಮ್ಮನವರು ಸೀರೆಯ ಮೇಲೆ ಆ ಖಾಕಿ ಕೋಟನ್ನು ಬೇಸಿಗೆಯಲ್ಲೂ ತೊಡುತ್ತಾರೆ. ಎಡಜೇಬಿನಲ್ಲಿ ಹುರಿದ ಕಡ್ಲೆಕಾಯಿ, ಬಲಜೇಬಿನಲ್ಲಿ ಗೊಂಚಲು. ಆ ಗೊಂಚಲಿನ ಯಾವ ಕೀಲಿಕೈಯೂ ಈಗ ಯಾವ ಬೀಗವನ್ನೂ ತೆಗೆಯುವುದಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎಲ್ಲವೂ ಹಳೆಯ ಮಿಲ್ಲಿನವು. ಅವನ್ನು ಇಟ್ಟುಕೊಂಡಿರುವುದು ಸದ್ದಿಗಾಗಿ ಮಾತ್ರ.

ನಾನು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಭಾನುವಾರಗಳಲ್ಲಿ ಇಲ್ಲಿನ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ, ಅದರಿಂದ ನನಗೆ ಮೇಷ್ಟ್ರು ಎಂಬ ಹೆಸರು ಬಂದಿದೆ. ಮನೆಯಲ್ಲೇ ಹಿಂಸೆಗೆ, ಕಿರುಕುಳಕ್ಕೆ ಸಿಕ್ಕುವ ಭಯವಿರುವ ಮಕ್ಕಳಿಗೆ ಆಸರೆ ಕೊಡುವ ಈ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬುವಾಗ ಅದರ ಚರಿತ್ರೆಯನ್ನು ಕ್ರಮವಾಗಿ ಬರೆಯಬೇಕೆಂದು ಟ್ರಸ್ಟಿನವರು ನನ್ನನ್ನು ಕೇಳಿದರು. ಶಿರಾದಲ್ಲಿ ಹುಟ್ಟು, ಮಧುಗಿರಿಗೆ ಬಂದದ್ದು, ಕೊರಟಗೆರೆಯಲ್ಲಿ ಇನ್ನೊಂದು ಮನೆ, ಪಾವಗಡದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯ ಸಹಾಯಕೇಂದ್ರ. ಇಷ್ಟನ್ನು ಇಸವಿಯ ಪ್ರಕಾರ ಜೋಡಿಸಿಕೊಂಡೆ. ಆದರೆ ಹಳಬರಲ್ಲಿ ಯಾರನ್ನು ಮಾತನಾಡಿಸಿದರೂ ಇಸವಿ ಹೇಳದೆ ಬಾಗಿಲಿನ ಕಥೆ ಹೇಳುತ್ತಿದ್ದರು. ಹಾಗಾಗಿ ಚರಿತ್ರೆ ಬರೆಯಲು ಹೋದವನು ಒಬ್ಬ ಹೆಂಗಸಿನ ಬಗ್ಗೆ, ಒಂದು ಚಿಲಕದ ಬಗ್ಗೆ ಬರೆಯುತ್ತಿದ್ದೇನೆ.

ಮಿಲ್ಲಿನಲ್ಲಿ ಕಾಯಿ ಆರಿಸುತ್ತಿದ್ದ ಒಬ್ಬ ಹೆಂಗಸಿಗೆ ಏಳು ವರ್ಷದ ಮಗಳಿದ್ದಳು, ಅಶ್ವಿನಿ. ಸಂಜೆ ಕೆಲಸ ಮುಗಿದರೂ ಆ ಮಗು ಮೂಟೆಗಳ ಸಂದಿಯಿಂದ ಈಚೆ ಬರುತ್ತಿರಲಿಲ್ಲ. ಮನೆಯಲ್ಲಿದ್ದ ಮಲತಂದೆಯ ವಿಷಯವನ್ನು ಆ ತಾಯಿ ಒಂದು ದಿನ ಅಳುತ್ತ ಅರ್ಧ ಹೇಳಿದಳು, ಇಂದ್ರಮ್ಮನವರು ಉಳಿದರ್ಧವನ್ನು ಕೇಳದೆ ಮಗುವನ್ನು ಇರಿಸಿಕೊಂಡರು. ಮರುವರ್ಷ ಇನ್ನೊಂದು ಮಗು, ಆಮೇಲೆ ಮತ್ತೆರಡು. “ಮಿಲ್ಲಿಗೆ ಬರೋರೆಲ್ಲ ಕಾಯಿ ತತ್ತಾರೆ, ನೀನೊಬ್ಳು ಮಕ್ಕಳ್ನ ತತ್ತೀಯ” ಎಂದು ರೇಣುಕಯ್ಯನವರು ಗೊಣಗುತ್ತಲೇ ಗೋಡೌನಿನ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದರು.

ಆ ಕೋಣೆಯಲ್ಲೇ, ಅದಕ್ಕೆ ಸುಣ್ಣ ಬೀಳುವ ಮೊದಲೇ, ಮೊದಲ ತಪ್ಪು ಆದದ್ದು. ವ್ಯಾಪಾರಸ್ಥರ ಮನೆಯ ಕೈ: ಬೆಲೆಯುಳ್ಳದ್ದನ್ನು ಒಳಗಿಟ್ಟು, ಹೊರಗಿನಿಂದ ಬೀಗ ಜಡಿದು, ಎರಡು ಸಲ ಎಳೆದು ನೋಡಿದರೆ ಮಾತ್ರ ನಿದ್ದೆ ಬರುವುದು. ಅಶ್ವಿನಿ ಬಂದ ದಿನವೂ ಇಂದ್ರಮ್ಮನವರು ಹಾಗೆಯೇ ಮಾಡಿ, ಇನ್ನು ಯಾವನೂ ಇವಳನ್ನು ಮುಟ್ಟಲಾರ ಎಂದು ನೆಮ್ಮದಿಯಿಂದ ಮಲಗಿದರು. ಬೆಳಿಗ್ಗೆ ಬೀಗ ತೆಗೆದಾಗ ಮಗು ಹಾಸಿಗೆ ಬಿಟ್ಟು, ಬಾಗಿಲಿನಿಂದ ಅತ್ಯಂತ ದೂರದ ಮೂಲೆಯಲ್ಲಿ, ಕಣ್ಣು ಮುಚ್ಚದೆ ಕೂತಿತ್ತು. ಹೊರಗಿನಿಂದ ಹಾಕಿದ ಬಾಗಿಲನ್ನು ಹೊರಗಿನವರು ಯಾವಾಗ ಬೇಕಾದರೂ ತೆಗೆಯಬಹುದೆಂಬುದು ಅದಕ್ಕೆ ಗೊತ್ತಿತ್ತು.

“ಗೋಡೌನಿಗೆ ಹಾಕ್ದಂಗೆ ಮಗೀಗೂ ಬೀಗ ಹಾಕ್ಬುಟ್ಟಿದ್ದೆ ಮೇಷ್ಟ್ರೇ” ಎಂದು ಅವರು ನನಗೆ ಹೇಳಿದರು. “ಕಡ್ಲೆಕಾಯಿ ಕಳೀದಂಗೆ ನೋಡ್ಕೊಳಾದು ಗೊತ್ತಿತ್ತು. ಮಗು ಹೆದರ್ದಂಗೆ ನೋಡ್ಕೊಳಾದು ಗೊತ್ತಿರ್ಲಿಲ್ಲ.”

ಅಂದೇ ಬಡಗಿ ಜಯರಾಮಯ್ಯನವರನ್ನು ಕರೆಸಿ ಹೊರಗಿನ ಚಿಲಕ ಕಿತ್ತು ಒಳಗೆ ಹಾಕಿಸಿದರು, ಅದೂ ಅತಿ ಚಿಕ್ಕ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ. ಮಕ್ಕಳ ಕೈಗೆ ಚಿಲಕ ಕೊಟ್ಟರೆ, ನಾಳೆ ಅವು ಬಾಗಿಲನ್ನೇ ತೆಗೆಯದಿದ್ದರೆ ಏನು ಮಾಡುತ್ತೀರಿ ಎಂದು ಜಯರಾಮಯ್ಯ ನಕ್ಕರಂತೆ.

“ತೆಗೆಯಗಂಟ ಆಚೆ ಕೂತಿರ್ತೀನಿ ಕಣಪ್ಪ, ನಂಗೇನು ಬಸ್ಸು ಹೋಯ್ತದಾ?”

ಆವತ್ತಿನಿಂದ ಸಂಸ್ಥೆಯ ಯಾವ ಮನೆಯಲ್ಲೂ ಮಕ್ಕಳ ಕೋಣೆಗೆ ಹೊರಚಿಲಕವಿಲ್ಲ. ಕೊಂಡ ಮನೆಯಾದರೂ ಬಾಡಿಗೆಯ ಮನೆಯಾದರೂ ಮೊದಲು ಒಳಗೆ ಹೋಗುವವರು ಜಯರಾಮಯ್ಯನವರೇ. ಬಣ್ಣ ಬಳಿದ ಬಾಗಿಲುಗಳ ಮೇಲೆ ತಿರುಪು ಕಿತ್ತು ಮೇಣ ತುಂಬಿದ ತೂತುಗಳ ಗುರುತು ಈಗಲೂ ಕಾಣುತ್ತದೆ. ಒಳಗೆ ಮಗು ಜ್ವರದಿಂದ ಎಚ್ಚರ ತಪ್ಪಿದರೆ ಗತಿಯೇನು ಎಂದು ನಾನು ಕೇಳಿದೆ. ಬಾಗಿಲ ತಿರುಗಣೆಯ ಮೊಳೆಗಳು ಹೊರಬದಿಯಲ್ಲಿವೆ, ಅವನ್ನು ಎತ್ತಿದರೆ ಬಾಗಿಲೇ ಕೈಗೆ ಬರುತ್ತದೆ ಎಂದು ಇಂದ್ರಮ್ಮನವರು ತೋರಿಸಿದರು. ಹೊಸದಾಗಿ ಬಂದ ಪ್ರತಿ ಮಗುವಿಗೂ ಅದನ್ನು ತೋರಿಸುತ್ತಾರಂತೆ. ಬಚ್ಚಿಟ್ಟರೆ ಅದೂ ಮೋಸವೇ ಎಂಬುದು ಅವರ ವಾದ.

ಸದ್ದು ಮಾಡಿಕೊಂಡು ಬರುವ ನಿಯಮವೂ ಅಲ್ಲಿಂದಲೇ ಬೆಳೆಯಿತು, ಅದು ಎಲ್ಲರಿಗೂ ಅನ್ವಯಿಸುತ್ತದೆ. ರೇಣುಕಯ್ಯನವರ ಗೆಳೆಯರ ಮಗ ಗೌರೀಶ್, ಶಿರಾದ ವ್ಯಾಪಾರಿ, ಒಮ್ಮೆ ತನ್ನ ಹುಟ್ಟುಹಬ್ಬಕ್ಕೆ ಕೇಕು ಹೊತ್ತು ಬಂದು, ಓದುತ್ತ ಕುಳಿತಿದ್ದ ಹುಡುಗಿಯೊಬ್ಬಳ ಕಣ್ಣನ್ನು ಹಿಂದಿನಿಂದ ಮುಚ್ಚಿ ಯಾರು ಹೇಳು ನೋಡೋಣ ಎಂದುಬಿಟ್ಟ. ಹುಡುಗಿ ಕಿರುಚಿದ ರೀತಿಗೆ ಅವನೇ ಬೆವತುಹೋದ. ಇಂದ್ರಮ್ಮನವರು ಬೈಯಲಿಲ್ಲ. ಗೇಟಿನಾಚೆ ಹೋಗಿ ಮತ್ತೊಮ್ಮೆ ಬಾ ಎಂದರು, “ಕಾಲು ಬಡ್ಕೊಂಡು ಬಾ, ಮದುವೆ ಗಂಡು ಬಂದಂಗೆ.” ಆ ದಪ್ಪ ಮನುಷ್ಯ ಕೇಕಿನ ಡಬ್ಬ ಹಿಡಿದು, ನೆಲ ಗುದ್ದುತ್ತ, ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತ ಎರಡನೆಯ ಸಲ ಬಂದಾಗ ಕಿರುಚಿದ ಹುಡುಗಿಯೇ ಮೊದಲು ನಕ್ಕದ್ದು. ಇಂದಿಗೂ ಅವನು ಹಾಗೆಯೇ ಬರುತ್ತಾನೆ.

ಅವರ ಇನ್ನೊಂದು ಹಟವೆಂದರೆ ಮಕ್ಕಳನ್ನು ಏನೂ ಕೇಳದಿರುವುದು. ಊಟ ಬೇಕೇ, ಚಳಿಯೇ, ಪೆನ್ಸಿಲು ಮುಗಿಯಿತೇ ಎಂದು ಕೇಳುತ್ತಾರೆ. ಏನಾಯಿತು ಎಂದು ಮಾತ್ರ ಕೇಳುವುದಿಲ್ಲ. ಅದನ್ನು ಕೇಳಲು ಕಲಿತವರಿದ್ದಾರೆ, ಅವರೇ ಕೇಳಲಿ ಎನ್ನುತ್ತಾರೆ. ನನಗೆ ಇದು ನನ್ನ ಕೆಲಸದ ಕಡೆಯಿಂದ ಅರ್ಥವಾಯಿತು: ಮಣ್ಣಿನ ಮಾದರಿಯನ್ನು ಬೆವರಿದ ಬರಿಗೈಯಲ್ಲಿ ಹಿಡಿದರೆ ನಮ್ಮ ಉಪ್ಪೂ ಅದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದರೆ ಕಳೆದ ವರ್ಷ ಈ ಹಟವೇ ಒಂದು ಮಗುವಿಗೆ ಮುಳುವಾಗುತ್ತದೇನೋ ಎಂದು ನಾವೆಲ್ಲ ಹೆದರಿದೆವು.

ಆ ಮಗುವನ್ನು ಲೋಹಿತಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಪಾವಗಡದ ಕಡೆಯ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು, ಒಂಬತ್ತು ವರ್ಷ. ಸಾಕಿದ ಅಜ್ಜಿ ಸತ್ತ ಮೇಲೆ ಚಿಕ್ಕಪ್ಪನ ಮನೆಯಲ್ಲಿದ್ದಳು. ರಜೆಯ ದಿನಗಳಲ್ಲೂ ಅವಳು ಶಾಲೆಯ ಜಗುಲಿಗೆ ಬಂದು ಕೂರುವುದನ್ನು ಗಮನಿಸಿದ ಶಿಕ್ಷಕಿಯೊಬ್ಬರು ಸಹಾಯಕೇಂದ್ರಕ್ಕೆ ತಿಳಿಸಿದ್ದರು. ತುಮಕೂರಿನ ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ತಾತ್ಕಾಲಿಕವಾಗಿ ಇಲ್ಲಿಗೆ ಕಳಿಸಿತು. ಚಿಕ್ಕಪ್ಪ ಸಭ್ಯ ಮನುಷ್ಯನಂತೆ ಕಾಣುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ನಮ್ಮ ಮಗುವನ್ನು ನಮಗೆ ಕೊಡಿ ಎಂದು ಅರ್ಜಿ ಹಾಕಿದ್ದ. ಲೋಹಿತಾ ಆಪ್ತಸಮಾಲೋಚಕಿಯ ಎದುರಿಗೂ ಬಾಯಿ ಬಿಟ್ಟಿರಲಿಲ್ಲ. ಮುಂದಿನ ಸಭೆಯಲ್ಲೂ ಅವಳು ಏನೂ ಹೇಳದಿದ್ದರೆ, ಅವಳನ್ನು ಹಿಡಿದಿಟ್ಟುಕೊಳ್ಳಲು ಸಮಿತಿಗೆ ಕಾರಣವೇ ಇರುತ್ತಿರಲಿಲ್ಲ.

ಅವಳ ಬಾಯಿಂದ ಮಾತು ಬರುತ್ತಿರಲಿಲ್ಲ, ಆದರೆ ತಾನು ಇನ್ನಿಬ್ಬರು ಹುಡುಗಿಯರೊಂದಿಗೆ ಮಲಗುವ ಕೋಣೆಯ ಚಿಲಕವನ್ನು ಮೊದಲ ವಾರದಲ್ಲೇ ತನ್ನ ವಶಕ್ಕೆ ತೆಗೆದುಕೊಂಡಿದ್ದಳು. ಹಾಕುವಳು, ತೆಗೆಯುವಳು, ಮತ್ತೆ ಹಾಕುವಳು. ಕತ್ತಲಾಗುತ್ತಲೇ ಇಂದ್ರಮ್ಮನವರು ಪ್ರತಿ ಬಾಗಿಲ ಹೊರಗೆ ನಿಂತು “ಚಿಲ್ಕ ಬಿತ್ತೇನ್ರೇ?” ಎಂದು ಕೇಳುವುದು ರೂಢಿ, ಒಳಗಿನಿಂದ “ಬಿತ್ತಜ್ಜೀ” ಎಂದು ಉತ್ತರ ಬರುತ್ತದೆ. ಲೋಹಿತಾ ಮಾತ್ರ ಬಾಗಿಲನ್ನು ಒಂದು ಸಲ ಬಡಿಯುತ್ತಿದ್ದಳು.

ಮೂಟೆಗಳ ಸಂದಿಯಲ್ಲಿ ಅಡಗುತ್ತಿದ್ದ ಅಶ್ವಿನಿ ಈಗ ಈ ಮನೆಯನ್ನು ನೋಡಿಕೊಳ್ಳುವ ಗಟ್ಟಿ ಹೆಂಗಸು. ಸಭೆಯ ಹಿಂದಿನ ದಿನ ಅವಳು ಅಡುಗೆಮನೆಯಲ್ಲಿ ಇಂದ್ರಮ್ಮನವರ ಎದುರು ನಿಂತುಬಿಟ್ಟಳು.

“ನೀವು ಕೇಳ್ರಜ್ಜಿ. ನಿಮಗಾದ್ರೆ ಹೇಳ್ತದೆ. ಇಲ್ದಿದ್ರೆ ನಾಳೆ ವಾಪಸ್ ಹೋಯ್ತದೆ ಆ ಮಗು.”

“ನಿನ್ನ ಕೇಳಿದ್ನೇನೇ ನಾನು?”

“ನನ್ ಇಸ್ಯ ಬೇರೆ. ನಮ್ಮವ್ವ ಹೇಳಿದ್ಲು.”

“ಎಲ್ಲರ್ದೂ ಬೇರೇನೇ ಕಣೇ. ನಾ ಕೇಳಿದ್ರೆ ನಂಗೆ ಬೇಕಾದ್ದು ಹೇಳ್ತದೆ. ಅದ್ಕೆ ಬೇಕಾದ್ದು ಹೇಳ್ಲಿ ಬುಡು.”

ಅಶ್ವಿನಿ ಪಾತ್ರೆ ಕುಕ್ಕಿ ಹೊರಗೆ ಹೋದಳು. ಇಂದ್ರಮ್ಮನವರು ಆ ರಾತ್ರಿ ಊಟ ಮಾಡಲಿಲ್ಲವೆಂದು ಆಮೇಲೆ ಅವಳೇ ನನಗೆ ಹೇಳಿದ್ದು.

ತುಮಕೂರಿಗೆ ನಾನೂ ಜೊತೆಗೆ ಹೋಗಿದ್ದೆ. ಓಣಿಯಂಥ ಉದ್ದನೆಯ ವರಾಂಡದ ಬೆಂಚಿನಲ್ಲಿ ನಾನು, ಎದುರು ಬೆಂಚಿನಲ್ಲಿ ಚಿಕ್ಕಪ್ಪ. ಒಳಗೆ ಇಂದ್ರಮ್ಮನವರ ಪಕ್ಕದಲ್ಲಿ ಲೋಹಿತಾ. ಸ್ವಲ್ಪ ಹೊತ್ತಿಗೆ, ಮಗುವಿನೊಂದಿಗೆ ಮಾತನಾಡಲು ಸಮಿತಿಯ ಇಬ್ಬರು ಮಹಿಳೆಯರು ಮಾತ್ರ ಉಳಿದು, ಮಿಕ್ಕವರೆಲ್ಲ ಹೊರಗೆ ಬಂದರು. ಇಂದ್ರಮ್ಮನವರು ಬಾಗಿಲ ಬಳಿ ನಿಲ್ಲಲಿಲ್ಲ. ಗೊಂಚಲು ಕುಲುಕಿಸುತ್ತ, ಚಪ್ಪಲಿ ಬಡಿಯುತ್ತ, ವರಾಂಡದ ತುದಿಯವರೆಗೂ ನಿಧಾನವಾಗಿ ನಡೆದು, ಅಲ್ಲಿ ಕೂತು ಮತ್ತೊಮ್ಮೆ ಗೊಂಚಲನ್ನು ಕುಲುಕಿದರು. ಕಿವಿಗೊಟ್ಟ ಮಗುವಿಗೆ ತಾವು ಎಷ್ಟು ದೂರ ಸರಿದಿದ್ದೇವೆಂಬುದೂ ಬಿಟ್ಟುಹೋಗಿಲ್ಲವೆಂಬುದೂ ತಿಳಿಯಬೇಕಿತ್ತು.

ಆಗ ಆ ಕೋಣೆಯ ಚಿಲಕ ಒಳಗಿನಿಂದ ಬಿದ್ದ ಸದ್ದು ಕೇಳಿಸಿತು. ಒಮ್ಮೆ ಬಿತ್ತು, ತೆರೆಯಿತು, ಮತ್ತೆ ಬಿತ್ತು. ಚಿಕ್ಕಪ್ಪ ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ.

ಒಳಗೆ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ, ಗೊತ್ತಿರಲೂಬಾರದು. ಅವಳು ಮಧುಗಿರಿಯಲ್ಲೇ ಉಳಿಯುತ್ತಾಳೆಂದು ಸಮಿತಿ ಆದೇಶ ಮಾಡಿತು, ಮುಂದಿನದನ್ನು ಪೊಲೀಸರಿಗೆ ಒಪ್ಪಿಸಿತು. ಹಿಂದಿರುಗುವ ಬಸ್ಸು ಕೊರಟಗೆರೆ ದಾಟುವಾಗ, ಕಿಟಕಿಯ ಬಳಿ ಕುಳಿತಿದ್ದ ಲೋಹಿತಾ, ತನ್ನ ಊರಿನ ತೆಲುಗು ಬೆರೆತ ಮಾತಿನಲ್ಲಿ, ಯಾರೂ ಕೇಳದೆಯೇ ಹೇಳಿದಳು.

“ಅಕ್ಕಡ ಚಿಲ್ಕ ಬಯಟ ಇತ್ತಜ್ಜೀ.”

ಅಲ್ಲಿ ಚಿಲಕ ಹೊರಗಿತ್ತು. ಇಂದ್ರಮ್ಮನವರು “ಹೂಂ ಕಣಮ್ಮ” ಎಂದಷ್ಟೇ ಹೇಳಿ, ಎಡಜೇಬಿನಿಂದ ಕಡ್ಲೆಕಾಯಿ ತೆಗೆದು ಸುಲಿದು ಅವಳ ಅಂಗೈಗೆ ಹಾಕುತ್ತ ಹೋದರು. ಮಧುಗಿರಿಯ ಬೆಟ್ಟ ಕಾಣುವವರೆಗೂ ಸುಲಿದರು. ಸಿಪ್ಪೆಯನ್ನು ಕೋಟಿನ ಜೇಬಿಗೇ ತುಂಬಿಕೊಂಡರು.

ಆ ಸಂಜೆ ಅವರು ಬಾಗಿಲ ಹೊರಗೆ ನಿಂತು ಎಂದಿನಂತೆ ಕೇಳಿದಾಗ ನಾನು ಅಂಗಳದಲ್ಲಿದ್ದೆ. ಲೋಹಿತಾ ಅಂದು ಬಾಯಿಬಿಟ್ಟು ಉತ್ತರಿಸಿದಳೆಂದು ಬರೆಯುವ ಆಸೆ ನನಗಿದೆ. ಆದರೆ ಕೇಳಿಸಿದ್ದು ಬಾಗಿಲ ಮೇಲಿನ ಒಂದು ಬಡಿತವೇ. ಇಂದ್ರಮ್ಮನವರಿಗೆ ಅದು ಸಾಕಾಗಿತ್ತು. ಗೊಂಚಲು ಕುಲುಕಿಸಿಕೊಂಡು ಮುಂದಿನ ಬಾಗಿಲಿಗೆ ಹೋದರು.

ಮಕ್ಕಳನ್ನು ಕಂಡರೆ ಓಡಿಹೋಗಿ ಅಪ್ಪಿಕೊಳ್ಳುವವರು ಎಲ್ಲ ಊರುಗಳಲ್ಲೂ ಇದ್ದಾರೆ, ಅವರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಇಂದ್ರಮ್ಮನವರಂಥವರು ಅಪರೂಪ. ತಾವು ಬರುತ್ತಿರುವುದನ್ನು ಅವರು ಬಹಳ ದೂರದಿಂದಲೇ ಮಗುವಿಗೆ ತಿಳಿಸುತ್ತಾರೆ, ಬೇಡವೆನ್ನಲು ಅದಕ್ಕೆ ಅಷ್ಟೂ ಹೊತ್ತು ಬಿಡುತ್ತಾರೆ, ಬಾಗಿಲನ್ನು ಅದರ ಕೈಗೇ ಕೊಟ್ಟು ತಾವು ಆಚೆ ಕೂರುತ್ತಾರೆ. ಹೊರಗಿನಿಂದ ನೋಡಿದವರಿಗೆ ಅವರು ಏನೂ ಮಾಡುತ್ತಿಲ್ಲವೆಂದೇ ತೋರುತ್ತದೆ. ಒಳಗಿರುವ ಮಗುವಿಗೆ ಮಾತ್ರ ಗೊತ್ತು, ಬಾಗಿಲಾಚೆ ಯಾರೋ ಇದ್ದಾರೆ, ಮತ್ತು ತಾನಾಗಿ ತೆಗೆಯುವವರೆಗೂ ಅವರು ಒಳಗೆ ಬರುವುದಿಲ್ಲ.