ಎರಡು ಶಾಲೆ, ಒಂದೇ ಬೆಂಚು

"ಕಣ್ಣು ಎಲ್ಲಿಟ್ಕೊಂಡಿದ್ದೀಯೇ ಮುಂಡೇದೇ? ಹೊಸ ಬಣ್ಣ ಹೊಡೆಸಿದ್ದೀನಿ, ಗೋಡೆಗೆ ಬೆಂಚು ತಾಗಿದ್ರೆ ಚರ್ಮ ಸುಲಿದುಬಿಡ್ತೀನಿ!"

ರಸ್ತೆ ಶಾಲೆಯ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಬೆಂಚಿನ ಒಂದು ತುದಿ ಗಯ್ಯಾಳಿಯ ತಲೆಯ ಮೇಲಿತ್ತು, ಇನ್ನೊಂದು ತುದಿ ಅವಳ ಅಕ್ಕನ ಗಂಡನ ತಲೆಯ ಮೇಲೆ. ಹೆತ್ತವರಿಟ್ಟ ಹೆಸರು ಅವಳಿಗೂ ಒಂದಿತ್ತು. ಹಮಾಲಿ ಕೆಲಸಕ್ಕೆ ಬಂದ ಮೊದಲ ವಾರವೇ ಅವಳು ಒಬ್ಬ ಯಜಮಾನನ ಕೊರಳಪಟ್ಟಿ ಹಿಡಿದಳು. ಆ ಹೆಸರು ಹೋಗಿ ಈ ಹೆಸರು ಬಂತು. ಇವತ್ತು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಹೊತ್ತಿದ್ದದ್ದು ಮಗಳು ಓದುವ ಕ್ವಾರಿ ಶಾಲೆಯ ಬೆಂಚು.

ಆ ಕಡೆ ಸರ್ಕಾರಿ ಹೈಸ್ಕೂಲು ಇದ್ದದ್ದು ಎರಡೇ. ಒಂದು ಡಾಂಬರು ರಸ್ತೆಯ ಪಕ್ಕ, ಇನ್ನೊಂದು ಕಲ್ಲಿನ ಕ್ವಾರಿಯ ಹತ್ತಿರ. ಬೆಂಚು, ಕಪಾಟು, ಪ್ರಯೋಗದ ಗಾಜಿನ ಸಾಮಾನು ಎರಡಕ್ಕೂ ಬಂದಿದ್ದವು. ರಸ್ತೆ ಶಾಲೆಯ ಪಾಲಿನವು ಎಲ್ಲಿ ಹೋದವೆಂದು ಮೇಲಿನವರು ಯಾರೂ ಕೇಳಲಿಲ್ಲ. ಹೆಡ್‌ಮಾಸ್ಟರ ಷಡ್ಡಕನ ಹೋಟೆಲಿನಲ್ಲಿ ಕೂತವರಿಗೆ ಗೊತ್ತಿತ್ತು, ಬೆಂಚು ಭಾರೀ ಗಟ್ಟಿಮುಟ್ಟು. ಕ್ವಾರಿ ಶಾಲೆಗೆ ಬೇರೆ ಹೆಡ್‌ಮಾಸ್ಟರೇ ಇರಲಿಲ್ಲ, ಅಲ್ಲಿಯ ಉಸ್ತುವಾರಿಯೂ ಈ ಮಹಾನುಭಾವನದೇ. ಹಾಗಾಗಿ ರಸ್ತೆ ಶಾಲೆಗೆ ಯಾರಾದರೂ ತಪಾಸಣೆಗೆ ಬಂದರೆ ಕ್ವಾರಿ ಶಾಲೆಯ ಬೆಂಚುಗಳು ಹಮಾಲಿಗಳ ತಲೆಯೇರಿ ಬರುತ್ತಿದ್ದವು, ಸಂಜೆಗೆ ವಾಪಸು. ಅಂದು ಬೆಂಚಿಗೆ ಮೆರವಣಿಗೆ, ಕ್ವಾರಿ ಮಕ್ಕಳಿಗೆ ನೆಲ. ಎಷ್ಟೋ ವರ್ಷದಿಂದ ನಡೆದು ಬಂದ ಪದ್ಧತಿ. ಯಾರಿಗೂ ಅದು ತಪ್ಪು ಅನ್ನಿಸುವುದೂ ನಿಂತುಹೋಗಿತ್ತು.

ಈ ಸಲ ಬಂದಿದ್ದದ್ದು ಬೇರೆ ಥರದ ಸಮಿತಿ. ಎರಡು ಶಾಲೆಯನ್ನೂ ಒಂದೇ ದಿನ ನೋಡಿ ಹೋಲಿಸುತ್ತಾರಂತೆ. ಹಿಂದೆ ಬಿದ್ದ ಶಾಲೆಗೆ ಬೀಗ. ಬೆಳಿಗ್ಗೆ ರಸ್ತೆ ಶಾಲೆ, ಮಧ್ಯಾಹ್ನ ಕ್ವಾರಿ ಶಾಲೆ. "ಸಾಹೇಬ್ರು ಊಟಕ್ಕೆ ಕೂತ ತಕ್ಷಣ ಹೊತ್ಕೊಂಡು ಹೋಗಿಬಿಡಿ. ನನ್ನ ಮಾತು ಅಂದ್ರೆ ಮಾತು" ಎಂದಿದ್ದರು ಹೆಡ್‌ಮಾಸ್ಟರು. ಯಾವಾಗಲೂ ವಾಪಸು ಬಂದಿದ್ದ ಬೆಂಚು ಇವತ್ತೂ ಬರುತ್ತದೆಂದು ಹಮಾಲಿಗಳು ನಂಬಿದರು.

ಹತ್ತನೇ ಕ್ಲಾಸಿನ ಮಗಳು ಬೆಳಿಗ್ಗೆ ಕೇಳಿದ್ದಳು, "ಅಮ್ಮಾ, ಬೆಂಚು ವಾಪಸ್ ಬರತ್ತಲ್ವಾ?"

"ಬರ್ದೆ ಎಲ್ಲಿಗೆ ಹೋಗತ್ತೆ? ನಿಮ್ಮಮ್ಮನ ತಲೆ ಮೇಲೆ ಕೂತ್ಕೊಂಡು ಬರತ್ತೆ."

ಹಮಾಲಿಗಳ ಮುಖ ಸಾಹೇಬರ ಕಣ್ಣಿಗೆ ಬೀಳಬಾರದೆಂದು ಅವರನ್ನು ನೀರಿನ ಟ್ಯಾಂಕಿನ ಹಿಂದೆ ಕೂರಿಸಿದ್ದರು. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಸಮಿತಿಯ ದೊಡ್ಡ ಸಾಹೇಬರು ಬೆಂಚು ಸವರಿ, "ಭೇಷ್, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ!" ಎಂದರು. "ಮಕ್ಕಳ ಸೇವೆ ಸಾರ್, ದೇವರ ಸೇವೆ" ಎಂದರು ಹೆಡ್‌ಮಾಸ್ಟರು. ಭಾವ ಪಕ್ಕಕ್ಕೆ ತಿರುಗಿ ಉಗಿದ.

ಊಟದ ಹೊತ್ತಾಯಿತು. ಗಯ್ಯಾಳಿ ಸೆರಗು ಸುತ್ತಿ ಸಿಂಬಿ ಮಾಡಿಕೊಂಡು ಬಾಗಿಲಿಗೆ ಬಂದಳು.

"ಸಾರ್, ಬೆಂಚು..."

"ಸಾಹೇಬ್ರು ಅದ್ರ ಮೇಲೇ ಕೂತು ಉಣ್ತಿರೋದು ಕಾಣಲ್ವಾ? ನಾಳೆ ಬನ್ನಿ."

"ನಾಳೆನಾ? ಇನ್ನೇನು ಅವ್ರು ನಮ್ಮ ಶಾಲೆಗೆ ಹೋಗ್ತಾರಲ್ಲ ಸಾರ್? ಅಲ್ಲಿ ಏನಿದೆ ನೋಡಕ್ಕೆ?"

"ಇರೋದನ್ನ ನೋಡ್ಲಿ. ನಿಮ್ಮ ಮಕ್ಕಳು ಮುಂದೆ ಕೂರೋದು ಜಲ್ಲಿ ರಾಶಿ ಮೇಲೆ ತಾನೆ? ಬೆಂಚಿನ ಶೋಕಿ ಯಾಕೆ?"

"ಆ ಶಾಲೆ ಮುಚ್ಚಿದ್ರೆ ನನ್ನ ಮಗಳನ್ನ ಇಲ್ಲಿ ಸೇರಿಸ್ಕೋತೀರಾ?"

"ಸೇರಿಸ್ಕೊಂಡು? ನನ್ನ ಶಾಲೆ ರಿಸಲ್ಟು ಮಣ್ಣು ಮಾಡ್ಕೊಳ್ಳಾ?" ಹೆಡ್‌ಮಾಸ್ಟರು ನಕ್ಕರು. "ಶಾಲೆ ಮುಚ್ಚಿದ್ರೂ ಜಲ್ಲಿ ಕ್ರಷರ್ ಮುಚ್ಚಲ್ಲ ಬಿಡು. ಅಲ್ಲಿಗೆ ಕಳಿಸು."

ಮಗಳ ಶಾಲೆಯನ್ನು ಕಳ್ಳರೇನೂ ಕದ್ದಿರಲಿಲ್ಲ. ತಾನೇ, ಈ ತಲೆಯ ಮೇಲೆಯೇ ಹೊತ್ತು ತಂದು ಇವನ ಕಾಲ ಬುಡಕ್ಕೆ ಹಾಕಿದ್ದಳು. ಅದೂ ಗೋಡೆಗೆ ತಾಗದ ಹಾಗೆ, ಜೋಪಾನವಾಗಿ!

ಹಮಾಲಿಗಳ ಮೇಸ್ತ್ರಿ ಓಡಿ ಬಂದು ರಟ್ಟೆ ಹಿಡಿದ. "ಸುಮ್ನಿರು ತಂಗಿ. ಇವತ್ತಿನ ಕೂಲಿ ಇನ್ನೂ ಕೊಟ್ಟಿಲ್ಲ ಅವ್ನು."

"ಆ ಕೂಲಿನ ನೀನೇ ನೆಕ್ಕೋ ಅಣ್ಣ. ಭಾವ, ಬಾ."

ಅವಳು ನೇರ ಒಳಗೆ ನುಗ್ಗಿ ದೊಡ್ಡ ಸಾಹೇಬರ ಮುಂದೆ ನಿಂತಳು. "ಏಳಿ ಸಾಹೇಬ್ರೇ. ಬೆಂಚು ಹೋಗೋ ಹೊತ್ತಾಯ್ತು."

"ಹುಚ್ಚಿ ಸಾರ್ ಅವ್ಳು!" ಎಂದು ಹೆಡ್‌ಮಾಸ್ಟರು ಹಿಂದಿನಿಂದ ಓಡಿ ಬಂದರು.

"ಹೌದು ಕಣೋ ಬೋಳಿಮಗನೇ, ಹುಚ್ಚಿನೇ. ಇಲ್ದಿದ್ರೆ ಕ್ವಾರಿ ಮಕ್ಕಳ ಬೆಂಚನ್ನ ನಿನ್ನ ಮನೆಹಾಳು ಶಾಲೆಗೆ ಹೊತ್ತು ತರ್ತಿದ್ನಾ?"

ಸಾಹೇಬರಿಗೆ ಆಶ್ಚರ್ಯವಾಗುತ್ತದೆಂದು ಅವಳು ಕಾದಳು. ಅವರ ಮುಖದಲ್ಲಿ ಆಶ್ಚರ್ಯ ಬರಲೇ ಇಲ್ಲ. ತುತ್ತು ನುಂಗಿ, ಹೆಡ್‌ಮಾಸ್ಟರ ಕಡೆ ತಿರುಗಿ, "ಇಂಥವರನ್ನೆಲ್ಲ ಯಾಕ್ರೀ ಒಳಗೆ ಬಿಡ್ತೀರಿ? ಊಟದ ಹೊತ್ನಲ್ಲಿ!" ಎಂದರು, ಅಷ್ಟೆ. ಈ ಮನುಷ್ಯನಿಗೂ ಎಲ್ಲ ಗೊತ್ತಿತ್ತು. ಬಂದದ್ದು ಹೋಲಿಸುವುದಕ್ಕಲ್ಲ, ಉಣ್ಣುವುದಕ್ಕೆ.

ಗಯ್ಯಾಳಿ ಬೆಂಚಿನ ತುದಿ ಹಿಡಿದು ಎತ್ತಿದಳು. ಸಾಹೇಬರು ತಟ್ಟೆ ಸಮೇತ ಜಾರಿ ಇನ್ನೊಂದು ತುದಿಯಲ್ಲಿ ಕೂತವರ ಮೈಮೇಲೆ ಬಿದ್ದರು. ಎಲ್ಲರೂ ಎಂಜಲು ಕೈಯಲ್ಲಿ ಎದ್ದು ನಿಂತರು. ಹಮಾಲಿಗಳು ಒಬ್ಬೊಬ್ಬರಾಗಿ ಒಳಗೆ ಬಂದರು, ಕೊನೆಗೆ ಗೊಣಗುತ್ತಾ ಮೇಸ್ತ್ರಿಯೂ. ಹೋಗುವಾಗ ಹೊಸ ಬಣ್ಣದ ಗೋಡೆಗೆ ಒಂದೊಂದು ಬೆಂಚೂ ತಾಗಿತು.

ಕ್ವಾರಿಗೆ ಇದ್ದದ್ದು ಒಂದೇ ಇಕ್ಕಟ್ಟು ದಾರಿ. ಬೆಂಚುಗಳ ಸಾಲು ಅರ್ಧ ದಾರಿ ಹೋಗುವಷ್ಟರಲ್ಲಿ ಸಮಿತಿಯ ಜೀಪು ಹಿಂದೆ ಬಂದು ಹಾರ್ನ್ ಹೊಡೆಯತೊಡಗಿತು. "ದಾರಿ ಬಿಡ್ರೋ! ಪೊಲೀಸ್ರಿಗೆ ಫೋನ್ ಮಾಡಿದೀವಿ!" ಹೆಡ್‌ಮಾಸ್ಟರು ಜೀಪಿನಿಂದ ತಲೆ ಹೊರಹಾಕಿ ಅರಚಿದರು. ಬೆಂಚು ಮುಟ್ಟುವ ಮೊದಲೇ ಬರಿದಾದ ಕ್ವಾರಿ ಶಾಲೆಯನ್ನು ತೋರಿಸುವ ಅವಸರ ಅವರಿಗೆ. ಜೀಪಿನ ಮೂತಿ, ಸಾಲಿನ ಕೊನೆಯಲ್ಲಿದ್ದ ಭಾವನ ಹಿಮ್ಮಡಿಗೆ ಬಡಿಯಿತು. ಅವನು ಮುಗ್ಗರಿಸಿದ. ಹಿಮ್ಮಡಿಯಿಂದ ರಕ್ತ ಇಳಿಯಿತು.

"ಇಳಿಸು ಭಾವ."

ಇಬ್ಬರೂ ಬೆಂಚನ್ನು ದಾರಿಗೆ ಅಡ್ಡಲಾಗಿ ಇಳಿಸಿದರು. ಮುಂದಿನವರು ತಿರುಗಿ ನೋಡಿದರು.

"ನಿಮ್ಗೇನು ಇಲ್ಲಿ ಕೆಲ್ಸ? ಓಡಿ, ಜೋಡ್ಸಿ ಬೆಂಚ್ನೆಲ್ಲ! ಮಕ್ಕಳನ್ನ ಕೂರ್ಸಿ! ಬೆಂಚೇ ಇಲ್ಲ ಅಂತ ಹೆಂಗೆ ಬರ್ಕೊಳ್ತಾರೋ ನೋಡ್ತೀನಿ!"

ಸಾಲು ದಡಬಡನೆ ಮುಂದೆ ಹೋಯಿತು. ಗಯ್ಯಾಳಿ ಜೀಪಿಗೆ ಎದುರಾಗಿ ಬೆಂಚಿನ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿದಳು. ಪಕ್ಕದಲ್ಲಿ ಭಾವ ಹಿಮ್ಮಡಿ ಒತ್ತಿ ಹಿಡಿದು ಕೂತ. ಜೀಪಿನ ಬಿಸಿ ಗಾಳಿ ಅವಳ ಮೊಣಕಾಲಿಗೆ ಹೊಡೆಯುತ್ತಿತ್ತು. ದೂರದಲ್ಲಿ ಇನ್ನೊಂದು ಗಾಡಿಯ ಸದ್ದು ಕೇಳಿಸಿತು, ಪೊಲೀಸರದೇ ಇರಬೇಕು.

"ಹೊಡಿಯೋ, ಹಾರ್ನ್ ಹೊಡಿ!" ಎಂದಳು ಡ್ರೈವರನಿಗೆ. "ನಿನ್ ಬ್ಯಾಟ್ರಿ ಇಳಿಯೋವರ್ಗೂ ಹೊಡಿ."