ಮೇಲಿನ ಬಿಡಾರಕ್ಕೆ ಮೂರು ಗಂಟೆ

ವಿಕ್ರಮ ಸಂವತ್ ೨೦೮೦, ಭಾದ್ರ ೨೩, ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶಾಲೆಯ ಪಕ್ಕದ ಫಲಕದ ಮುಂದೆ ನಿಂತು ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದುಕೊಂಡೆ. ಫಲಕದ ಬರಹ ಹದಿನಾರು ವರ್ಷದಿಂದ ಅದೇ: ‘ಮೇಲಿನ ಬಿಡಾರಕ್ಕೆ ೩ ಗಂಟೆ.’

ಅದು ಹಸ್ತಬೀರ್ ಕಾಕಾ ಹೇಳಿದ ಮೂರು ಗಂಟೆ. ಊರವರೆಲ್ಲ ಸೇರಿ ಚಾರಣಿಗರಿಗಾಗಿ ಗುಡ್ಡದ ನೆತ್ತಿಯಲ್ಲಿ ಬಿಡಾರ ಕಟ್ಟಿದಾಗ ನಲವತ್ತು ಕಿಲೋ ಅಕ್ಕಿ ಹೊತ್ತು ಮೊದಲು ಹತ್ತಿದವರು ಅವರು. ಇಳಿದು ಬಂದು ಹೇಳಿದ್ದನ್ನೇ ಬಣ್ಣದಲ್ಲಿ ಬರೆದೆವು. ಅದನ್ನು ನಂಬಿದ ಅತಿಥಿಗಳು ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತಾರೆ, ಕತ್ತಲಲ್ಲಿ ಅಳುತ್ತ ತಲುಪುತ್ತಾರೆ. ಹೋದ ವರ್ಷ ಒಬ್ಬಳ ಕಾಲು ಮುರಿಯಿತು.

ಹೊಸದಾಗಿ ಅಳೆಯಬೇಕೆಂದು ಊರಿನ ಸಮಿತಿ ಗೊತ್ತುಮಾಡಿತು. ಆದರೆ ಅತಿಥಿಗಳಷ್ಟು ನಿಧಾನ ನಡೆಯುವವರು ನಮ್ಮಲ್ಲಿ ಯಾರು? ಅಧ್ಯಕ್ಷೆ ನಂದಕಲಾ ಕಾಕಾ ಅವರ ನೋಯುವ ಮಂಡಿಯ ಕಡೆ ನೋಡಿದಳು.

ತೊಡಕು ಇನ್ನೊಂದಿತ್ತು. ಹಿಂದೆ ಕಾಕಾ ಅಧ್ಯಕ್ಷರಾಗಿದ್ದಾಗ ತಾವೇ ಮಾಡಿದ ನಿಯಮವೊಂದಿದೆ: ಫಲಕದ ಸಮಯಕ್ಕಿಂತ ಅರ್ಧ ಗಂಟೆ ಮೀರಿದವರಿಗೆ ಗೈಡ್ ಪಾಳಿ ಇಲ್ಲ. ಆ ನಿಯಮಕ್ಕೆ ಸಿಕ್ಕಿ ಮೊದಲು ಪಾಳಿ ಕಳೆದುಕೊಂಡವನು ನನ್ನಣ್ಣ ಪೂರ್ಣಮಾನ್. ಅದೇ ನಲವತ್ತು ಕಿಲೋ ಹೊತ್ತು ಮೂರು ಗಂಟೆ ಐವತ್ತು ನಿಮಿಷ ತೆಗೆದುಕೊಂಡಿದ್ದ. ಈಗ ಕೆಳಗಿನ ಬೇನಿ ಪೇಟೆಯಲ್ಲಿ ಸಿಮೆಂಟು ಮೂಟೆ ಇಳಿಸುತ್ತಾನೆ, ಬೆನ್ನು ಬಾಗಿದೆ. ಇವತ್ತಿನ ನಡಿಗೆಯೇ ಕಾಕಾ ಅವರ ಪಾಳಿಗೂ ಪರೀಕ್ಷೆ ಎಂದು ನಂದಕಲಾ ಹೇಳಿಬಿಟ್ಟಿದ್ದಳು. ವಯಸ್ಸಿಗೆ ಮರ್ಯಾದೆ ಕೊಟ್ಟು, ಹೊರೆ ಬೇಡ ಎಂದಿದ್ದಳು. ಜೊತೆಗೆ ನಡೆದು ಗಡಿಯಾರ ನೋಡುವ ಕೆಲಸ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನದು.

ಹೊರಟ ಕೂಡಲೇ ಕಾಕಾ ಓಡಿದಂತೆ ನಡೆದರು.

“ಹೀಗೆ ಓಡಿದ್ರೆ ಫಲಕ ಮತ್ತೆ ಸುಳ್ಳಾಗುತ್ತೆ ಕಾಕಾ.”

“ನಿಧಾನ ಹೋದ್ರೆ ನನ್ನ ಪಾಳಿ ಹೋಗುತ್ತೆ. ನಿನ್ನ ವಿಜ್ಞಾನ ಇದಕ್ಕೇನನ್ನುತ್ತೆ ಮಾಸ್ತರ್?”

“ಎರಡು ಪ್ರಯೋಗ ಒಟ್ಟಿಗೆ ಮಾಡಬಾರದು ಅನ್ನುತ್ತೆ.”

“ಅದನ್ನ ನಂದಕಲಾಗೆ ಹೇಳಬೇಕಿತ್ತು. ಅವಳೆದುರು ನಿನ್ನ ಬಾಯಿಗೆ ಬೀಗ. ಪಾಳಿ ಹೋದ್ರೆ ನಿಮ್ಮ ಕಾಕಿ ನನ್ನ ಕೈಲಿ ಗೊಬ್ಬರ ಹೊರಿಸ್ತಾಳೆ. ನಲವತ್ತು ವರ್ಷದಿಂದ ಅದಕ್ಕೇ ಕಾದಿದಾಳೆ.”

ನಗಲು ಇಬ್ಬರಿಗೂ ಉಸಿರಿರಲಿಲ್ಲ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಲ್ಲುಗಳ ಮೇಲೆ ಜಿಗಣೆಗಳು ಎದ್ದು ನಿಂತಿದ್ದವು. ಕಿತ್ತೆಸೆದೂ ಎಸೆದೂ ಸಾಕಾಗಿ, ಆಮೇಲೆ ಹತ್ತಿದ್ದನ್ನು ಹಾಗೇ ಬಿಟ್ಟೆ.

ಎಂಟೂ ಇಪ್ಪತ್ತಕ್ಕೆ ಗುರಾಂಸ್ ಮರಗಳ ತಿರುವು. ಅಲ್ಲಿಗೆ ಅರ್ಧ ದಾರಿಯಷ್ಟೇ ಮುಗಿದಿತ್ತು. ಕಾಕಾ ಊರುಗೋಲಿಗೆ ಒರಗಿ ನಿಂತರು, ನಿಲ್ಲಲಾಗದೆ ಕೂತರು.

“ಗಡಿಯಾರ ನಿಲ್ಸು.”

“ನಿಲ್ಲಿಸೋ ಹಾಗಿಲ್ಲ. ಅತಿಥಿಗಳೂ ಕೂರ್ತಾರೆ.”

“ಅತಿಥಿಗಳಿಗೆ ಪಾಳಿ ಇಲ್ಲವಲ್ಲ.”

ಹುರಿದ ಮೆಕ್ಕೆಜೋಳದ ಗಂಟು ಬಿಚ್ಚಿ ಮುಂದಿಟ್ಟೆ. ಅವರು ಒಂದು ಕಾಳು ತೆಗೆದುಕೊಂಡು ತಿನ್ನದೆ ಬೆರಳಲ್ಲಿ ಹೊರಳಿಸಿದರು.

“ಪೂರ್ಣಮಾನ್ ಎಷ್ಟು ತಗೊಂಡಿದ್ದ?”

“ಮೂರು ಐವತ್ತು. ನೀವೇ ಗಡಿಯಾರ ಹಿಡಿದಿದ್ದಿರಿ.”

“ಅಕ್ಕಿ ಹೊತ್ತ ದಿನ ನನಗೆ ನಾಲ್ಕೂ ಹತ್ತಾಗಿತ್ತು.” ಕಾಳನ್ನು ಗಂಟಿಗೇ ಹಾಕಿದರು. “ಇಳಿದಾಗ ಎಲ್ಲ ಕಾಯ್ತಾ ಕೂತಿದ್ರು. ಬಾಯಲ್ಲಿ ಮೂರು ಬಂತು. ಒಂದು ಮಾತು ಕೇಳದೆ ನೀವು ಬಣ್ಣ ಬಳಿದುಬಿಟ್ರಿ.”

ಅಂದರೆ ಅಣ್ಣ ಅವರಿಗಿಂತ ಇಪ್ಪತ್ತು ನಿಮಿಷ ಮುಂದಿದ್ದ. ಸಿಟ್ಟು ಬರಬೇಕಿತ್ತು. ಜಿಗಣೆ ಬಿಟ್ಟ ಕಡೆ ರಕ್ತ ಸೋರುತ್ತಿತ್ತು. ಅದನ್ನೇ ಒರೆಸುತ್ತ ಕೂತೆ.

“ಏನೂ ಅನ್ನಲ್ವಾ?”

“ಏಳಿ ಕಾಕಾ. ಮಂಜು ಬರ್ತಿದೆ.”

ಅಲ್ಲಿಂದ ಮುಂದೆ ಅವರು ಓಡಲಿಲ್ಲ. ಮಂಡಿ ಹೇಳಿದಷ್ಟು ನಡೆದರು, ಏಳು ಸಲ ಕೂತರು. ಅದರಲ್ಲಿ ಎರಡು ಸಲ ಕೂತದ್ದು ನನಗಾಗಿ. ಅತಿಥಿಗಳೂ ಹೀಗೆಯೇ, ಮೊದಲು ಓಡಿ ಆಮೇಲೆ ಕೂರುವವರು. ಆದ್ದರಿಂದ ಏನನ್ನೂ ಕಳೆಯದೆ, ಕೂತ ಪ್ರತಿ ನಿಮಿಷವನ್ನೂ ಬರೆದುಕೊಂಡೆ.

ಬಿಡಾರದ ಬಾಗಿಲಿಗೆ ಕೈ ಇಟ್ಟಾಗ ಹನ್ನೊಂದು ಐವತ್ತೆರಡು. ಎಷ್ಟಾಯಿತೆಂದು ಕೇಳಿದರು, ಹೇಳಿದೆ.

“ನನ್ನ ಹೆಸರು ಪಾಳಿಯಿಂದ ತೆಗಿ.”

“ಅದನ್ನ ಕೆಳಗೆ ಹೋಗಿ ಸಭೇಲಿ ಹೇಳಿ.”

“ಇಳಿದ ಮೇಲೆ ನನ್ನ ಬಾಯಿ ನಂಬಬೇಡ. ಇಲ್ಲೇ ಬರ್ಕೋ. ಅವತ್ತಿಂದೂ ಬರಿ. ಪೂರ್ಣಮಾನ್‌ಗೆ ಆ ಹಾಳೆ ತೋರಿಸು.”

ಹದಿನಾರು ವರ್ಷದ ಹಿಂದಿನ ನಾಲ್ಕು ಗಂಟೆ ಹತ್ತು ನಿಮಿಷವನ್ನು ಬರೆದೆ, ಅವರು ಕೆಳಗೆ ಸಹಿ ಹಾಕಿದರು. ಅದರಿಂದ ಅಣ್ಣನ ಬೆನ್ನು ನೆಟ್ಟಗಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಹೊಸ ಸಾಲಿನಲ್ಲಿ, ಫಲಕಕ್ಕಾಗಿ, ಕೂತದ್ದೂ ಸೇರಿ: ೫ ಗಂಟೆ ೪೨ ನಿಮಿಷ.