ಹಳಿ ಹೊತ್ತ ಬಾರ್ಜು

ನಾನು ಒಂದು ಬಾರ್ಜು. ಚಪ್ಪಟೆ ಹೊಟ್ಟೆಯ, ಎಂಜಿನ್ನಿಲ್ಲದ, ಎಳೆದತ್ತ ಹೋಗುವ ಕಬ್ಬಿಣದ ದೋಣಿ. ತೊಡೂರು ಬಂದರಿನ ದಡದಲ್ಲೇ ನನ್ನನ್ನು ಕಟ್ಟಿದರು. ಎಲ್ಲ ಮುಗಿಯಿತು ಅಂದುಕೊಂಡಾಗ ಬೆನ್ನ ಮೇಲೆ ಎರಡು ಸಾಲು ರೈಲು ಹಳಿ ಕೂರಿಸಿದರು. ನೀರಲ್ಲಿ ತೇಲುವವಳಿಗೆ ಹಳಿ ಯಾತಕ್ಕೆ? ಕೇಳೋಣವೆಂದರೆ ಬಾಯಿಲ್ಲ.

ನೀರಿಗಿಳಿದ ಮೇಲೆ ತಿಳಿಯಿತು. ಅಳಿವೆಯ ತೆಂಕಣ ದಡದಲ್ಲಿ ಒಂದು ಕಂಪನಿಯ ರೈಲು ಮುಗಿಯುತ್ತಿತ್ತು, ಬಡಗಣ ದಡದಲ್ಲಿ ಇನ್ನೊಂದರದ್ದು ಶುರುವಾಗುತ್ತಿತ್ತು. ನಡುವೆ ಸೇತುವೆಯಿಲ್ಲ. ಹಾಗಾಗಿ ಸಾಮಾನು ಇಳಿಸುವ ಗೋಜಿಲ್ಲದೆ ವ್ಯಾಗನ್ನುಗಳನ್ನೇ ನನ್ನ ಮೇಲೆ ಹತ್ತಿಸಿ, ಸ್ಟೀಮ್ ಬೋಟಿನಿಂದ ಎಳೆದು ದಾಟಿಸುತ್ತಿದ್ದರು. ಎಂಜಿನ್ನು ಮಾತ್ರ ಹತ್ತುವಂತಿರಲಿಲ್ಲ, ಅದಕ್ಕೆ ಮೈಭಾರ. ಮಧ್ಯೆ ಒಂದೆರಡು ಖಾಲಿ ವ್ಯಾಗನ್ನು ಸಿಕ್ಕಿಸಿಕೊಂಡು, ಕೋಲಿನಿಂದ ಬೆಕ್ಕನ್ನು ಸರಿಸುವವರ ಹಾಗೆ ದಡದಿಂದಲೇ ಸಾಮಾನಿನ ವ್ಯಾಗನ್ನುಗಳನ್ನು ನನ್ನ ಮೇಲಕ್ಕೆ ತಳ್ಳುತ್ತಿತ್ತು.

ಅರ್ಧ ಮೈಲಿಯಾಚೆ ನಾನು ಹೋದವಳಲ್ಲ. ಲೋಕ ನನ್ನ ಬಳಿಗೆ ವಾಸನೆಯಾಗಿ ಬರುತ್ತಿತ್ತು: ಒಣಮೆಣಸು, ಹೆಂಚಿನ ಧೂಳು, ಒಮ್ಮೆ ಸರ್ಕಸ್ಸಿನ ಒಂಟೆಗಳು. ಅವು ಕಡಲಿನತ್ತ ಕತ್ತೆತ್ತಿಯೂ ನೋಡಲಿಲ್ಲ. ಯಾಕಿರಬಹುದು?

ನನ್ನ ಮೇಲಿನ ಭಾರ ನೋಡಿಕೊಳ್ಳುತ್ತಿದ್ದವರು ಹಮ್ಮಬ್ಬ ಬ್ಯಾರಿ. ಓದು ಬಾರದು. ನನ್ನ ನಟ್ಟನಡುವೆ ಒಂದು ಗ್ಲಾಸು ಕಪ್ಪು ಚಾ ಇಟ್ಟು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಚಾ ಯಾವ ಕಡೆಯ ಅಂಚಿಗೆ ಏರಿತೋ ಆ ಕಡೆ ಭಾರ ಹೆಚ್ಚು. ಸಮ ನಿಂತರೆ ಹಸಿರು ಬಾವುಟ.

"ಬ್ಯಾರಿಗಳೇ, ಸಕ್ಕರೆ ಹಾಕಿದ್ರೆ ಬಾರ್ಜು ಮುಳುಗ್ತದಾ?" ಬೋಟಿನ ದೂಮಪ್ಪ ಕೆಣಕುತ್ತಿದ್ದ.

"ನಿನ್ನ ಬಾಯಿ ಮುಚ್ಚಿದ್ರೆ ಸ್ವಲ್ಪ ಮೇಲೆ ತೇಲ್ತದೆ ಮಾರಾಯ."

ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಆಮೇಲೆ ಕಂಪನಿ ಕೈಬದಲಾಗಿ ಶ್ರೀಪಾದ ಕಿಣಿ ಎಂಬ ಹೊಸ ಇನ್ಸ್‌ಪೆಕ್ಟರು ಬಂದರು. ಒಳ್ಳೆಯವರೇ. ಆದರೆ ಕಾಗದದಲ್ಲಿ ಇಲ್ಲದ್ದನ್ನು ನಂಬುವವರಲ್ಲ.

"ಇದೆಂತ ಹಮ್ಮಬ್ಬ, ಹೋಟ್ಲಾ? ಪ್ರತಿ ವ್ಯಾಗನ್ನಿನ ತೂಕ ಕಾಗದದಲ್ಲಿ ಉಂಟು. ಅದನ್ನು ಓದ್ಲಿಕ್ಕೆ ಬರುವವರು ಮಾತ್ರ ಇನ್ನು ಇಲ್ಲಿ. ಬರುವ ತಿಂಗಳಿಂದ ನೀನು ದಡದ ಕಲ್ಲಿದ್ದಲು ಶೆಡ್ಡಿಗೆ."

ಹಮ್ಮಬ್ಬ ತಲೆ ತಗ್ಗಿಸಿದರು. "ನೀರು ಬಿಟ್ಟು ನನಗೆ ಬೇರೆ ಕೆಲಸ ಗೊತ್ತಿಲ್ಲ ಸ್ವಾಮೀ."

"ಈ ತಿಂಗಳು ನೋಡುವ," ಎಂದರು ಕಿಣಿ.

ಅದೇ ವಾರ ಮುಂಗಾರು ಹಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಎಡಕ್ಕೆ ಮೂರು ವ್ಯಾಗನ್ನು ಹೆಂಚು, ಬಲಕ್ಕೆ ನಾಲ್ಕು ವ್ಯಾಗನ್ನು ತೆಂಗಿನ ನಾರು ಹತ್ತಿಸಿದರು. ಕಾಗದದ ಪ್ರಕಾರ ಎರಡೂ ಕಡೆ ಸಮ. ಚಾ ಮಾತ್ರ ಬಲದ ಅಂಚಿಗೆ ಏರಿತ್ತು. ನನಗೂ ಬಲ ಪಕ್ಕೆ ಎಳೆಯುತ್ತಿತ್ತು. ಮಾತು ಬಾರದವಳು ಎಷ್ಟು ಸಾಧ್ಯವೋ ಅಷ್ಟು ವಾಲಿ ತೋರಿಸಿದೆ.

"ಬಲಕ್ಕೆ ಭಾರ ಉಂಟು ಸ್ವಾಮೀ."

"ನಾರು ಹಮ್ಮಬ್ಬ, ಕಲ್ಲಲ್ಲ! ಬೇಕಾದರೆ ನಾನೇ ಜೊತೆಗೆ ಬರ್ತೇನೆ. ಬಾವುಟ ಎತ್ತು, ಇಲ್ಲದಿದ್ರೆ ಇವತ್ತೇ ಶೆಡ್ಡಿಗೆ ನಡಿ."

ಹಮ್ಮಬ್ಬ ಒಮ್ಮೆ ಗ್ಲಾಸನ್ನೂ ಒಮ್ಮೆ ದಡದ ಶೆಡ್ಡನ್ನೂ ನೋಡಿದರು. ಹಸಿರು ಬಾವುಟ ಎತ್ತಿದರು.

ಅಳಿವೆಯ ನಡುವೆ ಅಡ್ಡ ಅಲೆಯೊಂದು ಬಡಿಯಿತು. ನಾನು ಬಲಕ್ಕೆ ಹೊರಳಿದೆ. ಕೊನೆಯ ವ್ಯಾಗನ್ನಿನ ಸರಪಳಿ ಹರಿದು, ಅದು ಮಗುಚಿ ನೀರಿಗೆ ಬಿತ್ತು. ಆ ಭಾರ ಇಳಿದದ್ದೇ ನಾನು ನೆಟ್ಟಗಾದೆ. ಯಾರಿಗೂ ಏನೂ ಆಗಲಿಲ್ಲ. ಕಿಣಿಯವರು ಹೆಂಚಿನ ವ್ಯಾಗನ್ನಿನ ಗಾಲಿಯನ್ನು ತಬ್ಬಿ ಕುಳಿತಿದ್ದರು.

ಮರುದಿನ ದೊಡ್ಡ ಸಾಹೇಬರು ನನ್ನ ಮೇಲೆಯೇ ಮೇಜು ಹಾಕಿಸಿ ವಿಚಾರಣೆ ನಡೆಸಿದರು.

"ಬಾವುಟ ಎತ್ತಿದ್ದು ನಾನು," ಎಂದರು ಹಮ್ಮಬ್ಬ. "ಭಾರ ಕಂಡಿತ್ತು. ಕಂಡೂ ಎತ್ತಿದೆ."

ಸಾಹೇಬರು ಬರೆದುಕೊಳ್ಳತೊಡಗಿದರು. ಅವರು ಬರೆಯುವುದನ್ನೇ ನೋಡುತ್ತ ನಿಂತಿದ್ದ ಕಿಣಿ ಬಾಯಿಬಿಟ್ಟರು.

"ಅದನ್ನು ಹೊಡೆದುಹಾಕಿ ಸಾರ್. ನಾರು ತೂಗಿದ್ದು ಬಿಸಿಲಲ್ಲಿ. ಆಮೇಲೆ ನಾಲ್ಕು ದಿನ ಮಳೆ ಕುಡಿದಿದೆ. ಕಾಗದ ಒದ್ದೆಯಾಗದ ಹಾಗೆ ಕಿಸೆಯಲ್ಲಿಟ್ಟುಕೊಂಡಿದ್ದೆ, ನಾರಿನ ಮೇಲೆ ಟಾರ್ಪಾಲು ಉಂಟಾ ಅಂತ ನೋಡ್ಲಿಲ್ಲ. ಬಾವುಟ ಎತ್ತಿಸಿದ್ದು ನಾನು."

ಹಮ್ಮಬ್ಬ ನನ್ನ ಮೇಲೆಯೇ ಉಳಿದರು. ಕಿಣಿಯವರಿಗೆ ದೂರದ ಊರಿಗೆ ವರ್ಗವಾಯಿತು.

ಈಗ ಅಳಿವೆಗೆ ಸೇತುವೆ ಬಂದಿದೆ. ನಾನು ಕೆಸರಲ್ಲಿ ಕೂತಿದ್ದೇನೆ, ಹಳಿಗಳನ್ನು ಯಾರೋ ಕಿತ್ತು ಒಯ್ದಿದ್ದಾರೆ. ಎಷ್ಟೋ ಸಾವಿರ ವ್ಯಾಗನ್ನು ಹೊತ್ತವಳಿಗೆ ಹೆಚ್ಚು ನೆನಪಾಗುವುದು ಕಿಣಿಯವರು ಊರು ಬಿಟ್ಟ ದಿನ. ಟ್ರಂಕು ಹಿಡಿದು ನನ್ನ ಮೇಲೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಎಲ್ಲಿ ನಿಲ್ಲಲಿ ಹಮ್ಮಬ್ಬ?"

ಹಮ್ಮಬ್ಬ ಟ್ರಂಕು ತೆಗೆದುಕೊಂಡರು. "ಎಲ್ಲಿ ಬೇಕಾದರೂ ನಿಲ್ಲಿ ಸ್ವಾಮೀ. ನಿಮ್ಮ ಭಾರ ಎಲ್ಲ ಮೊನ್ನೆಯೇ ಇಳಿಯಿತಲ್ಲ."